ಸೊಳ್ಳೆ ಬಿಡಲು ಹೋದ ವರ್ಷ

ಹೋದ ತಿಂಗಳು ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ನಾಲ್ಕು ಜನ ತರುಣರು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಳು ಪತ್ರಿಕೆಯ ತುಂಡೊಂದನ್ನು ಕತ್ತರಿಸಿ ತಂದಿದ್ದಳು. ಯಾವುದೋ ದೇಶದಲ್ಲಿ ಗಂಡು ಸೊಳ್ಳೆಗಳ ಸಂತಾನಶಕ್ತಿ ತೆಗೆದು ಊರೊಳಗೆ ಬಿಡುತ್ತಾರಂತೆ, ಅದರಿಂದ ಸೊಳ್ಳೆಯ ಸಂತತಿಯೇ ಇಳಿಯುತ್ತದಂತೆ. "ಅಜ್ಜಾರ, ಇದು ಖರೇನ ಆಗತೈತೇನ್ರಿ?" ಎಂದು ಕೇಳಿದಳು.

"ಆಗತಿರಬೇಕವಾ. ನಾವೂ ಒಮ್ಮೆ ಮಾಡಾಕ ಹೋಗಿದ್ದಿವಿ. ನಮಗ ಆಗಲಿಲ್ಲ" ಎಂದೆ.

ಚೇಷ್ಟೆ ಮಾಡುತ್ತಿದ್ದೇನೆ ಎಂದು ಅವರು ನಕ್ಕರು. ನಂತರ ನನ್ನ ಮುಖ ನೋಡಿ, ಆ ಕತೆ ಬರೆದುಕೊಡಿ ಎಂದರು. ಅವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎನ್ನುವುದರಿಂದ ಅವರಿಗೆ ಪ್ರಯೋಜನವಿಲ್ಲ. ನಾನು ಮಾಡಿದ ತಪ್ಪಿನಿಂದ ಇರಬಹುದು.

ನನ್ನ ಊರು ಕಳಸಾಪುರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಎರಡು ವರ್ಷ ಹೊಲದಲ್ಲೇ ಇದ್ದೆ. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಮಲೇರಿಯಾ ಕೆಲಸಕ್ಕೆ ಆಳು ಬೇಕಾಗಿದ್ದಾರೆಂದು ತಿಳಿದು ಗದುಗಿಗೆ ನಡೆದು ಹೋದೆ. ಅರ್ಜಿ ತೆಗೆದುಕೊಂಡ ಸಾಹೇಬರು ನನ್ನನ್ನು ಓದಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸಣ್ಣ ಗಾಜಿನ ನಳಿಗೆಯೊಂದನ್ನು ಬೆಳಕಿಗೆ ಹಿಡಿದು, "ಇದರಾಗ ಎಷ್ಟ ಕಾಲ ಕಾಣತಾವ?" ಎಂದರು. ಒಳಗೆ ಸತ್ತ ಸೊಳ್ಳೆಯಿತ್ತು. ಐದು ಎಂದೆ. "ಸರಿ. ಒಂದು ಮುರದದ" ಎಂದು ಹೆಸರು ಬರೆದುಕೊಂಡರು. ಅವರೇ ಲಿಮಯೆ ಸಾಹೇಬರು. ಪುಣೆಯವರು, ಮನೆಮಾತು ಮರಾಠಿ. ಆಗ ನಾವು ಮುಂಬೈ ರಾಜ್ಯದಲ್ಲಿದ್ದುದರಿಂದ ಅಂಥ ಅಧಿಕಾರಿಗಳು ಇಲ್ಲಿ ಅನೇಕರಿದ್ದರು. ಅವರಲ್ಲಿ ಕನ್ನಡ ಕಲಿತವರು ಕಡಿಮೆ. ಲಿಮಯೆಯವರು ಕಲಿತಿದ್ದರು, ತಪ್ಪು ತಪ್ಪಾಗಿ, ಆದರೆ ನಾಚಿಕೆಯಿಲ್ಲದೆ ಆಡುತ್ತಿದ್ದರು.

ಕೆಲಸ ಬೆಳಗಿನ ಆರಕ್ಕೆ ಶುರು. ದನದ ಕೊಟ್ಟಿಗೆ, ಅಡಿಗೆಮನೆಯ ಮೂಲೆ, ಕಣಜದ ಹಿಂದೆ ಸೊಳ್ಳೆ ಕೂತಿರುತ್ತಿದ್ದವು. ರಬ್ಬರ ಕೊಳವೆ ಬಾಯಲ್ಲಿಟ್ಟು, ಅದರ ತುದಿಯ ಗಾಜಿನ ನಳಿಗೆಯನ್ನು ಸೊಳ್ಳೆಯ ಮೇಲೆ ಹಿಡಿದು ಮೆಲ್ಲಗೆ ಉಸಿರು ಎಳೆಯಬೇಕು. ಬಾಯಿಗೆ ಬಾರದಂತೆ ನಡುವೆ ಅರಿವೆ ಕಟ್ಟಿರುತ್ತಿತ್ತು. ಒಮ್ಮೆ ಅರಿವೆ ಸಡಿಲಾಗಿ ಎರಡು ನುಂಗಿದ್ದೇನೆ. ಹಿಡಿದದ್ದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಮೊದಲು ನೋಡಬೇಕು. ಗಂಡಿಗೆ ಮುಖದ ಮುಂದೆ ಹಕ್ಕಿಯ ಗರಿಯಂಥ ದಟ್ಟ ಮೀಸೆ. ಹೆಣ್ಣಿಗೆ ಬರಿಯ ಎಳೆ. ಕಡಿಯುವುದು ಹೆಣ್ಣು ಮಾತ್ರ. ಈ ಒಂದು ವ್ಯತ್ಯಾಸದ ಮೇಲೆ ನನ್ನ ನೌಕರಿಯೆಲ್ಲ ನಿಂತಿತ್ತು.

ಮಧ್ಯಾಹ್ನಕ್ಕೆ ಪಂಪಿನವರ ಜೊತೆ ಹೋಗುತ್ತಿದ್ದೆ. ಡಿ.ಡಿ.ಟಿ. ನೀರಲ್ಲಿ ಕಲಸಿ ಗೋಡೆಗೆ ಹೊಡೆಯುವುದು. ಪಂಪು ಹೊಡೆಯುವ ಇಮಾಮಸಾಬ ಲಕ್ಷ್ಮೇಶ್ವರದವನು. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಮಾತು ಕಡಿಮೆ, ಕೈ ಸ್ವಚ್ಛ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಮಾತ್ರ ಅವನೂ ಹೆದರುತ್ತಿದ್ದ. ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ತಂಪು ಕತ್ತಲೆಯಲ್ಲಿ ಸೊಳ್ಳೆ ತುಂಬಿರುತ್ತಿದ್ದವು, ನೇಯುವವರ ಕಾಲು ಕಡಿದು ಕಡಿದು ಬಾತಿರುತ್ತಿದ್ದವು. ಆದರೂ ಅವರು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಕಾರಣ ನಾನೇ. ಮೊದಲ ವರ್ಷ ಮಗ್ಗಕ್ಕೆ ಹೂಡಿದ ನೂಲಿನ ಹಾಸಿನ ಮೇಲೆ ಹೊದಿಕೆ ಹಾಕಿಸುವುದನ್ನು ಮರೆತು ಒಂದು ಮನೆಯಲ್ಲಿ ಪಂಪು ಹೊಡೆಸಿದ್ದೆ. ಕೆಂಪು ರೇಷ್ಮೆಯ ಹಾಸಿನ ಮೇಲೆಲ್ಲ ಬಿಳಿ ಚುಕ್ಕೆ ಬಿದ್ದವು. ಆ ಮನೆಯ ಹಿರಿಯರು ಬೈಯಲಿಲ್ಲ. "ಇದನ್ನ ಉಡೋ ಹೆಣಮಗಳಿಗೆ ನೀವ ಹೇಳ್ರಿ, ಇದು ಜ್ವರದ ಔಷಧ ಅಂತ" ಎಂದು ಮಗ್ಗ ಬಿಟ್ಟು ಎದ್ದರು. ಓಣಿಯ ಬಾಗಿಲುಗಳೆಲ್ಲ ಒಂದು ವರ್ಷ ಮುಚ್ಚಿಕೊಂಡವು.

ಆಗಿನ ನಮ್ಮ ಸೀಮೆಯ ಸ್ಥಿತಿಯನ್ನೂ ಹೇಳಬೇಕು. ಲಕ್ಷ್ಮೇಶ್ವರ, ಶಿರಹಟ್ಟಿಗಳು ಮೊನ್ನೆ ಮೊನ್ನೆಯವರೆಗೆ ಬೇರೆ ಬೇರೆ ಸಂಸ್ಥಾನಗಳ ಕೈಯಲ್ಲಿದ್ದು ಆಗಷ್ಟೇ ನಮ್ಮ ಜಿಲ್ಲೆಗೆ ಸೇರಿದ್ದವು. ಸಿಂಗಟಾಲೂರಿನ ದಂಡೆಯಲ್ಲಿ ನಿಂತರೆ ಹೊಳೆಯ ಆಚೆ ಒಂದು ರಾಜ್ಯ. ಮುಂಡರಗಿಯಿಂದ ಮೂಡಣಕ್ಕೆ ಹೊಲ ದಾಟಿದರೆ ಇನ್ನೊಂದು. ಆ ಗಡಿಯ ಕಲ್ಲಿನ ತನಕ ನಾವು ಔಷಧ ಹೊಡೆದು ಹಿಂದಿರುಗಬೇಕು. ಕಲ್ಲಿನ ಆಚೆ ಕೂಗಳತೆಯಲ್ಲಿ ಜನ ಜ್ವರದಿಂದ ನಡುಗುತ್ತ ಅಂಗಳದಲ್ಲಿ ಬಿಸಿಲಿಗೆ ಮಲಗಿರುವುದು ಕಾಣುತ್ತಿತ್ತು. "ಇಷ್ಟ ದೂರ ಬಂದೀರಿ, ಈ ನಾಕ ಮನಿಗೂ ಹೊಡೀರಲ್ಲ" ಎಂದು ಅಲ್ಲಿಯ ಒಬ್ಬ ರೈತ ಕೇಳಿದಾಗ ಇಮಾಮಸಾಬ ನನ್ನ ಕಡೆ ನೋಡಿದ. ನಾನು ನಕಾಶೆ ತೆಗೆದು ತೋರಿಸಿದೆ. ಓದು ಬಾರದ ಆ ರೈತನಿಗೆ ನಕಾಶೆ ತೋರಿಸಿದ್ದು ನೆನಪಾದರೆ ಈಗಲೂ ಕಸಿವಿಸಿಯಾಗುತ್ತದೆ.

ಏಕೀಕರಣದ ಹಿಂದಿನ ವರ್ಷ ಇರಬೇಕು, ಲಿಮಯೆ ಸಾಹೇಬರ ತಲೆಯಲ್ಲಿ ಹೊಸ ವಿಚಾರ ಬಂತು. ಅಮೆರಿಕದವರು ದನಗಳ ಗಾಯದಲ್ಲಿ ಹುಳ ಬೀಳಿಸುವ ಒಂದು ನೊಣವನ್ನು ಹೀಗೆ ಅಡಗಿಸಿದ್ದಾರೆಂದು ಅವರು ಓದಿದ್ದರು. ಗಂಡು ನೊಣಗಳಿಗೆ ಕಿರಣ ಹಾಯಿಸಿದರೆ ಅವುಗಳ ಸಂತಾನಶಕ್ತಿ ಹೋಗುತ್ತದೆ. ಅಂಥವುಗಳನ್ನು ಬಿಟ್ಟರೆ ಹೆಣ್ಣು ಅವುಗಳ ಜೊತೆ ಕೂಡುತ್ತದೆ, ಮೊಟ್ಟೆ ಇಡುತ್ತದೆ, ಮೊಟ್ಟೆ ಒಡೆಯುವುದಿಲ್ಲ. "ಸೊಳ್ಳಿಗೆ ಯಾಕ ಆಗಬಾರದು?" ಎಂದು ಸಾಹೇಬರು ಮೇಜು ಕುಟ್ಟಿದರು. "ಔಷಧಕ್ಕ ಅವು ಒಂದು ದಿವಸ ಒಗ್ಗಿಕೊಳ್ತಾವ. ಇದಕ್ಕ ಹ್ಯಾಂಗ ಒಗ್ಗತಾವ?"

ಮೇಲಿನವರ ಅನುಮತಿ ಕೇಳಿದರೆ ಸಿಗುತ್ತಿರಲಿಲ್ಲ. ಕೇಳಲಿಲ್ಲ. ಇಂದು ಯಾರೂ ಹಾಗೆ ಮಾಡಬಾರದು.

ಕಚೇರಿಯ ಹಿಂದಿನ ಕೋಣೆಯಲ್ಲಿ ಸೊಳ್ಳೆ ಸಾಕತೊಡಗಿದೆವು. ಬಾವಿಗಳಿಂದ ಮರಿ ತಂದು ಎನಾಮಲ್ ತಾಟುಗಳಲ್ಲಿ ಬಿಟ್ಟು, ಹಿಟ್ಟು ಉದುರಿಸಿ ಬೆಳೆಸುವುದು. ಮರಿ ಕೋಶವಾದ ಮೇಲೆ ಒಂದೊಂದು ಕೋಶವನ್ನು ಒಂದೊಂದು ಗಾಜಿನ ನಳಿಗೆಯಲ್ಲಿಟ್ಟು ಹತ್ತಿ ಮುಚ್ಚುವುದು. ಸೊಳ್ಳೆ ಹೊರಬಂದ ಕೂಡಲೆ ಭೂತಗನ್ನಡಿಯಲ್ಲಿ ಮೀಸೆ ನೋಡಿ ಗಂಡನ್ನು ಪಂಜರಕ್ಕೆ ಹಾಕುವುದು. ಪಂಜರವೆಂದರೆ ತೆಳು ಅರಿವೆ ಹೊಲಿದ ಕಟ್ಟಿಗೆಯ ಚೌಕಟ್ಟು, ಕೈ ಹಾಕಲು ಒಂದು ತೋಳು. ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಅವುಗಳ ಆಹಾರ. ಈ ಆರಿಸುವ ಕೆಲಸ ನನ್ನದು. ಐದು ಕಾಲು ಎಣಿಸಿದ ಕಣ್ಣನ್ನು ಸಾಹೇಬರು ನಂಬಿದ್ದರು.

ಕಿರಣಕ್ಕೆ ಬೇರೆ ಊರಿನ ಆಸ್ಪತ್ರೆಯೊಂದರ ಕ್ಷ-ಕಿರಣ ಯಂತ್ರ. ಅಲ್ಲಿಯ ಡಾಕ್ಟರು ಸಾಹೇಬರ ಸ್ನೇಹಿತರು. ರೋಗಿಗಳಿಲ್ಲದ ರವಿವಾರ ಮಾತ್ರ ಒಪ್ಪಿದರು. "ಇದು ಮುರಿದ ಎಲುಬು ನೋಡೂ ಮಷೀನು, ಲಿಮಯೆ. ಸುಟ್ಟುಹೋದರ ನಿನ್ನ ಸೊಳ್ಳಿ ನನಗ ಹೊಸಾದು ಕೊಡಸತಾವೇನು?" ಎನ್ನುತ್ತಲೇ ಗುಂಡಿ ಒತ್ತುತ್ತಿದ್ದರು. ಯಂತ್ರ ಕಾಯ್ದು ಹೋಗುತ್ತಿತ್ತು. ಆರಿಸಿ, ತಣಿಸಿ, ಮತ್ತೆ ಹಚ್ಚಬೇಕು. ಮೊದಲ ಸಲ ಕಿರಣ ಹಾಯಿಸಿದ ಗಂಡುಗಳನ್ನು ನಮ್ಮ ಕೋಣೆಯ ಹೆಣ್ಣುಗಳ ಜೊತೆ ಬಿಟ್ಟಾಗ ಕೆಲವು ಮೊಟ್ಟೆ ಒಡೆದವು, ಕೆಲವು ಒಡೆಯಲಿಲ್ಲ. ಒಡೆಯದವನ್ನು ನೋಡಿ ಸಾಹೇಬರು ನಮಗೆಲ್ಲ ಮಂಡಕ್ಕಿ, ಮಿರ್ಚಿ ತರಿಸಿದರು.

ಬಿಡಲು ಒಂದು ಊರು ಬೇಕು. ಮುಂಡರಗಿಯಿಂದ ಹೊಳೆಯ ದಿಕ್ಕಿಗೆ, ತೀರ ಹತ್ತಿರದಲ್ಲಿ ಬೇರೆ ಊರಿಲ್ಲದ, ಹತ್ತಿಪ್ಪತ್ತು ಮನೆಗಳ ಒಂದು ಹಳ್ಳಿ ಆರಿಸಿದರು. ಅದರ ಹೆಸರು ಬರೆಯುವುದಿಲ್ಲ. ಔಷಧ ಹೊಡೆದರೆ ಅಲ್ಲಿಯ ಸೊಳ್ಳೆಯೂ ಸಾಯುತ್ತವೆ, ನಾವು ಬಿಟ್ಟವೂ ಸಾಯುತ್ತವೆ. ಅದಕ್ಕೆ ಆ ವರ್ಷ ಪಂಪಿನ ಪಟ್ಟಿಯಿಂದ ಆ ಊರನ್ನು ಬಿಟ್ಟೆವು. ಪಟ್ಟಿಯ ಮೇಲೆ ಗೆರೆ ಎಳೆದವನು ನಾನೇ. ಗೆರೆ ಎಳೆಯುವಾಗ ಅದು ದೊಡ್ಡ ಸಂಗತಿ ಎನಿಸಲಿಲ್ಲ.

ಬಿಡುವ ಸೋಮವಾರದ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಗದುಗಿನಲ್ಲಿ ಏಕೀಕರಣದ ಸಭೆ ಇತ್ತು. ಕಚೇರಿಯ ಕಿಟಕಿಯ ಹೊರಗೆ ಜನ ಧ್ವಜ ಹಿಡಿದು ಹೊರಟಿದ್ದರು. ನನಗೂ ಹೋಗಬೇಕಾಗಿತ್ತು. ಸಾಹೇಬರನ್ನು ಕೇಳಲು ಸಂಕೋಚ. ಅವರು ಮರಾಠಿಗರು, ಏನು ತಿಳಿದುಕೊಂಡಾರೋ ಎಂದು. ಕೊನೆಯ ಎರಡು ಸಾಲು ನಳಿಗೆಗಳ ಸೊಳ್ಳೆಗಳನ್ನು ಭೂತಗನ್ನಡಿ ಇಲ್ಲದೆ ಬರಿಗಣ್ಣಲ್ಲಿ ನೋಡಿ, ನೋಡಿದಂತೆ ಮಾಡಿ, ಪಂಜರಕ್ಕೆ ಬಿಟ್ಟು ಓಡಿದೆ. ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಬಂದೆ. ಆಮೇಲೆ ತಿಳಿಯಿತು, ಕೇಳಿದ್ದರೆ ಸಾಹೇಬರು ತಾವೇ ಕಳಿಸುತ್ತಿದ್ದರು.

ಸೋಮವಾರ ಬೆಳಿಗ್ಗೆ ಜೀಪು ಆ ಊರಿನ ಬಾವಿಕಟ್ಟೆಗೆ ನಿಂತಿತು. ಜನ ಕೂಡಿದರು. ಬಾವಿಯ ಎದುರಿನ ಮನೆಯ ಗಂಗವ್ವ ಎಲ್ಲರಿಗಿಂತ ಮುಂದೆ ಬಂದಳು. ಐವತ್ತರ ಹೆಂಗಸು. ಗಂಡನೂ ಮಗನೂ ಹೊಲದಲ್ಲಿ, ಸೊಸೆ ಬಾಣಂತಿ, ದೊಡ್ಡ ಮೊಮ್ಮಗಳು ನೀಲವ್ವ ಅವಳ ಸೀರೆಯ ಹಿಂದೆ.

"ಸುತ್ತ ಎಲ್ಲಾ ಊರಿಗೂ ಔಷಧ ಹೊಡದ್ರಿ. ನಮ್ಮೂರಿಗ್ಯಾಕ ಇಲ್ಲರಿ?" ಎಂದಳು.

ಸಾಹೇಬರು ತಮ್ಮ ಕನ್ನಡದಲ್ಲಿ ವಿವರಿಸಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮುದುಕ, "ಅಂದರ ಹೋರಿ ಬೀಜಾ ಒಡದಂಗ ಸೊಳ್ಳಿಗೂ ಒಡಕೊಂಡು ಬಂದೀರೇನ್ರಿ?" ಎಂದ. ನಕ್ಕು ನಕ್ಕು ಕೆಲವರು ಕಟ್ಟೆಯ ಮೇಲೆ ಕೂತರು. ಗಂಗವ್ವ ನಗಲಿಲ್ಲ.

"ಇಷ್ಟ ದಿವ್ಸ ಸೊಳ್ಳಿ ಕೊಲ್ರಿ ಅಂದ್ರಿ. ಈಗ ನೀವ ತಂದು ಬಿಡತೀರಿ. ಇವು ಕಡಿಯಂಗಿಲ್ಲ ಅಂತ ನಾವು ಹ್ಯಾಂಗ ನಂಬೂದು?"

"ಗಂಡು ಕಡಿಯಂಗಿಲ್ಲವ್ವ" ಎಂದೆ ನಾನು.

"ಹಂಗಾರ ಕೈ ಹಾಕಿ ತೋರಸು ತಮ್ಮಾ."

ತೋಳು ಮಡಚಿ ಪಂಜರದೊಳಗೆ ಕೈ ಹಾಕಿದೆ. ಸೊಳ್ಳೆಗಳು ಎದ್ದು ಕೈಯ ಸುತ್ತ ಹಾರಿದವು. ಊರೆಲ್ಲ ಕತ್ತು ಚಾಚಿ ನೋಡುತ್ತಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಂಗೈಯ ಹಿಂದೆ ಸೂಜಿ ಚುಚ್ಚಿದಂತಾಯಿತು. ನನಗೆ ಶನಿವಾರದ ಆ ಎರಡು ಸಾಲು ನಳಿಗೆ ಕಣ್ಣಿಗೆ ಕಟ್ಟಿದವು.

ಕೈ ಅಲುಗಿಸಲಿಲ್ಲ. ಮುಖದಲ್ಲಿ ನಗು ತಂದುಕೊಂಡೆ. ಕೈ ಹೊರತೆಗೆದು, ಅಂಗೈ ಮೇಲೆ ಮಾಡಿ ತೋರಿಸಿ, "ನೋಡ್ರಿ, ಒಂದೂ ಕಡದಿಲ್ಲ" ಎಂದೆ. ಸಾಹೇಬರು ಪಂಜರದ ಅರಿವೆ ಸರಿಸಿದರು. ಸೊಳ್ಳೆಗಳು ಬಾವಿಯ ಕಡೆಗೆ, ಗಂಗವ್ವನ ಮನೆಯ ಕಡೆಗೆ ಹಾರಿಹೋದವು. ಅರಿವೆ ಸರಿಸುವ ಮೊದಲು ಬಾಯಿ ಬಿಟ್ಟಿದ್ದರೆ ನಿಲ್ಲಿಸಬಹುದಿತ್ತು. ಬಿಡಲಿಲ್ಲ.

ಜೀಪಿನಲ್ಲಿ ತಿರುಗಿ ಬರುವಾಗ ಮುಂಗೈಯ ದದ್ದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಇಮಾಮಸಾಬ ಅದನ್ನು ನೋಡಿದ. ಡೋಣಿ ಎಂಬ ಊರಿನ ಹತ್ತಿರ ನೀರು ಕುಡಿಯಲು ಇಳಿದಾಗ ಪಕ್ಕಕ್ಕೆ ಬಂದು, "ನೀ ಹೇಳತೀಯೋ, ನಾ ಹೇಳಲ್ಯೋ?" ಎಂದಷ್ಟೇ ಕೇಳಿದ. ನಾನೇ ಹೇಳುತ್ತೇನೆ ಎಂದೆ. ಆ ದಿನ ಹೇಳಲಾಗಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿ ತೆಗೆಯುವ ಮೊದಲೇ ಸಾಹೇಬರ ಮನೆಗೆ ಹೋದೆ. ಅವರು ಹಜಾಮತಿ ಮಾಡಿಕೊಳ್ಳುತ್ತಿದ್ದರು. ನಿಂತೇ ಎಲ್ಲ ಹೇಳಿದೆ.

"ಎಷ್ಟು ಹೆಣ್ಣು?" ಎಂದರು.

"ಗೊತ್ತಿಲ್ಲರಿ ಸಾಹೇಬ್ರ. ಎರಡು ಸಾಲು ನಾ ನೋಡಲೇ ಇಲ್ಲ."

ಕತ್ತಿ ಕೆಳಗಿಟ್ಟು, ಅರ್ಧ ಮುಖದ ನೊರೆ ಒರೆಸಿಕೊಂಡರು. ಬೈಯುತ್ತಾರೆಂದು ಕಾದೆ. "ಇಮಾಮಸಾಬನ್ನ ಕರಿ. ಪಂಪು ತಗೊ. ಇವತ್ತ ಆ ಊರಿಗೆ ಹೊಡೀಬೇಕು, ಒಂದೂ ಗ್ವಾಡಿ ಬಿಡಬಾರದು."

"ಹೊಡದರ ಪ್ರಯೋಗ ಹೋಗತೈತಲ್ಲರಿ?"

"ಹೋಗತದ" ಎಂದರು. ವರ್ಷದ ಕೆಲಸ ಅದು.

ಮತ್ತೆ ಅದೇ ಬಾವಿಕಟ್ಟೆ. ಸಾಹೇಬರು ಜೀಪಿನಿಂದ ಇಳಿದವರೇ ಟೊಪ್ಪಿಗೆ ತೆಗೆದರು. "ನಿನ್ನೆ ಬಿಟ್ಟ ಸೊಳ್ಳಿ ಒಳಗ ಹೆಣ್ಣು ಇದ್ದವು. ನಮ್ಮ ತಪ್ಪು ಆಗೇದ. ಈಗ ಔಷಧ ಹೊಡೀತೀವಿ. ಮೊದಲ ಹೊಡೀಬೇಕಿತ್ತು" ಎಂದರು. ಅಷ್ಟು ದೊಡ್ಡ ಅಧಿಕಾರಿ ಹಳ್ಳಿಯ ಜನರ ಮುಂದೆ ಹಾಗೆ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಅನಂತರವೂ ಹೆಚ್ಚು ನೋಡಲಿಲ್ಲ.

ಗಂಗವ್ವ ಸಾಹೇಬರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನಿನ್ನೆ ಕೈ ಹಾಕಿದ್ಯಲ್ಲೋ ತಮ್ಮಾ. ಕಡದಿತ್ತೇನು?"

"ಕಡದಿತ್ತವ್ವ."

"ಮತ್ತ ನಕ್ಕಿ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊರಿನ ಎಲ್ಲ ಮನೆಗೂ ಔಷಧ ಬಿತ್ತು, ಆ ಒಂದು ಮನೆಗೆ ಬೀಳಲಿಲ್ಲ. ಇಮಾಮಸಾಬ ಎರಡು ಸಲ ಬಾಗಿಲು ತಟ್ಟಿದ. ಸಾಹೇಬರು, ಬ್ಯಾಡ, ಒತ್ತಾಯ ಮಾಡಬ್ಯಾಡ ಎಂದರು.

ಮೂರು ವಾರದ ಮೇಲೆ ನೀಲವ್ವನಿಗೆ ಜ್ವರ ಬಂತು.

ಖಬರು ಬಂದ ದಿನವೇ ಮುಂಡರಗಿಯಿಂದ ಸೈಕಲ್ ಹೊಡೆದುಕೊಂಡು ಹೋದೆ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆಯುವಾಗ ಹುಡುಗಿ ಕೌದಿಯೊಳಗೆ ಗಡಗಡ ನಡುಗುತ್ತಿದ್ದಳು. ರಕ್ತದಲ್ಲಿ ಮಲೇರಿಯಾ ಇತ್ತು. ಗುಳಿಗೆಯನ್ನು ಬೆಲ್ಲದ ನೀರಿನ ಜೊತೆ ನಾನೇ ಕುಡಿಸಿದೆ. ಕಹಿಗೆ ಅವಳು ಕಾರಿಕೊಂಡಳು, ಮತ್ತೆ ಕುಡಿಸಿದೆ. ಗುಳಿಗೆ ಮುಗಿಯುವವರೆಗೆ ದಿನಾ ಹೋದೆ. ಊರಲ್ಲಿ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಸೈಕಲ್ ಯಾರ ಗೋಡೆಗೂ ಆನಿಸಗೊಡುತ್ತಿರಲಿಲ್ಲ. ಬೇವಿನ ಗಿಡಕ್ಕೆ ಆನಿಸುತ್ತಿದ್ದೆ.

ಜ್ವರ ಇಳಿದ ದಿನ ಗಂಗವ್ವ ಹೊಸ್ತಿಲಲ್ಲಿ ಕೂತು ಕೇಳಿದಳು. "ಖರೇ ಹೇಳು. ನಿಮ್ಮ ಸೊಳ್ಳಿನ ಕಡದದ್ದು?"

ಅಲ್ಲ ಎಂದು ಹೇಳಲು ನನಗೆ ದಾರಿಯಿತ್ತು. ಕೋಣೆಯಲ್ಲಿ ಬೆಳೆದ ಸೊಳ್ಳೆಯ ಮೈಯಲ್ಲಿ ರೋಗವಿರುವುದಿಲ್ಲ. ಅದು ಮೊದಲು ರೋಗಿಯೊಬ್ಬನನ್ನು ಕಡಿದು, ಹತ್ತಾರು ದಿನ ಬದುಕಿದರೆ ಮಾತ್ರ ಇನ್ನೊಬ್ಬರಿಗೆ ಹಚ್ಚೀತು. ಸಾಹೇಬರೂ ಹಾಗೇ ಹೇಳಿದ್ದರು. ಆದರೆ ಆ ಮಾತಿನ ಹಿಂದೆ ಅಡಗಿಕೊಳ್ಳಲು ಮನಸ್ಸಾಗಲಿಲ್ಲ.

"ನಾವು ಬಿಟ್ಟ ಸೊಳ್ಳಿ ಇರಲಿಕ್ಕಿಲ್ಲವ್ವ. ನಿಮ್ಮೂರಿನ ಸೊಳ್ಳಿನ ಇದ್ದೀತು. ಆದರ ಅವು ಉಳಿದದ್ದು ನಮ್ಮಿಂದ. ಮಳಿಗಾಲದ ಮೊದಲ ಔಷಧ ಹೊಡದಿದ್ದರ ಇಕಿಗೆ ಜ್ವರ ಬರತಿರಲಿಲ್ಲೇನೋ. ಪಟ್ಟಿಯೊಳಗ ನಿಮ್ಮೂರಿನ ಹೆಸರಿನ ಮ್ಯಾಲ ಗೀಟು ಹೊಡದಾಂವ ನಾನ."

ಗಂಗವ್ವ ಒಳಗೆ ಮಲಗಿದ್ದ ನೀಲವ್ವನ ಕಡೆ ತಿರುಗಿ ನೋಡಿದಳು. "ಹೋಗು, ಬಿಸಲ ಏರತೈತಿ" ಎಂದು ಎದ್ದಳು. ಕ್ಷಮೆಯೋ, ಸಾಕು ಹೋಗು ಎಂದೋ ತಿಳಿಯಲಿಲ್ಲ.

ಮುಂದಿನ ವರ್ಷ ರಾಜ್ಯಗಳು ಹೊಸದಾಗಿ ಹಂಚಿಕೆಯಾದವು. ಗದುಗಿನಲ್ಲಿ ಪೇಢೆ ಹಂಚಿದರು, ಬೆಟಗೇರಿಯ ನೇಕಾರರು ಓಣಿಗಳಿಗೆ ತಳಿರು ಕಟ್ಟಿದರು. ನಾನೂ ಸಂಭ್ರಮಪಟ್ಟೆ. ಆದರೆ ಅದೇ ಹಂಚಿಕೆಯಲ್ಲಿ ಲಿಮಯೆ ಸಾಹೇಬರು ಮುಂಬೈ ರಾಜ್ಯದ ಕಡೆಗೆ ಹೋದರು. ಸ್ಟೇಷನ್ನಿಗೆ ನಾನೂ ಇಮಾಮಸಾಬನೂ ಹೋಗಿದ್ದೆವು. ಸಾಹೇಬರು, "ಛಲೋ ಆತು, ನಿಮ್ಮ ಮಂದಿ ಎಲ್ಲಾ ಕೂಡಿದ್ರಿ" ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಪ್ರಯೋಗದ ವರದಿಯನ್ನು ಅವರು ಕಡತದಲ್ಲಿ ಬಿಟ್ಟು ಹೋಗಿದ್ದರು. ಹೊಸ ಅಧಿಕಾರಿ ಅದನ್ನು ನನ್ನಿಂದಲೇ ಓದಿಸಿದರು. ಹೆಣ್ಣು ಸೊಳ್ಳೆ ಸೇರಿದ್ದನ್ನೂ, ಊರನ್ನು ಪಟ್ಟಿಯಿಂದ ಬಿಟ್ಟಿದ್ದನ್ನೂ ಒಂದೂ ಬಿಡದೆ ಬರೆದಿದ್ದರು. ಕೊನೆಗೆ, ಎರಡೂ ತಪ್ಪು ನನ್ನವು ಎಂದು ತಮ್ಮ ರುಜು ಹಾಕಿದ್ದರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಓದುತ್ತ ಓದುತ್ತ ನನ್ನ ದನಿ ನಿಂತಿತು. ಹೊಸ ಅಧಿಕಾರಿ, "ಯಾಕ್ರಿ, ಅಕ್ಷರ ತಿಳಿಯಂಗಿಲ್ಲೇನು?" ಎಂದರು. ಹೌದ್ರಿ ಎಂದೆ. ಸತ್ಯ ಹೇಳುವುದನ್ನು ನಾನು ಇನ್ನೂ ಪೂರ್ತಿ ಕಲಿತಿರಲಿಲ್ಲ. ಮರುದಿನ ಹೋಗಿ ಹೇಳಿದೆ. ಅವರು ಒಂದು ವರ್ಷ ನನಗೆ ಆರಿಸುವ ಕೆಲಸ ಕೊಡಲಿಲ್ಲ. ಅದು ನ್ಯಾಯವೇ.

ಏಕೀಕರಣದ ನಂತರದ ಔಷಧದ ಸುತ್ತಿನಲ್ಲಿ ಗಡಿಕಲ್ಲಿನ ಆಚೆಯ ಮನೆಗಳೂ ಒಂದೇ ರಾಜ್ಯಕ್ಕೆ ಬಂದಿದ್ದವು. ಅಲ್ಲಿಯ ತಂಡವೂ ನಮ್ಮ ತಂಡವೂ ಒಂದೇ ದಿನ ಹೊಡೆಯುತ್ತ ಬಂದು ಕಲ್ಲಿನ ಹತ್ತಿರ ಕೂಡಿ ಬುತ್ತಿ ಬಿಚ್ಚಿದೆವು. ಅಲ್ಲಿಂದ ಆ ಹಳ್ಳಿಗೆ ಹೋದೆವು. ಗಂಗವ್ವನ ಬಾಗಿಲು ತೆರೆದೇ ಇತ್ತು. ಸಾಮಾನು ಅಂಗಳಕ್ಕೆ ತೆಗೆದಿಟ್ಟಿದ್ದಳು.

"ಡಬ್ಬ್ಯಾಗ ಏನೈತಿ, ಮೊದಲ ಹೇಳು" ಎಂದಳು. ಹೇಳಿದೆ. ಎಷ್ಟು ದಿನ ಗೋಡೆ ಸಾರಿಸಬಾರದು, ಕೋಳಿಗೆ ಏನಾಗಬಹುದು, ತಿಗಣೆ ಸಾಯುವುದು ಸುಳ್ಳೋ ಖರೇನೋ, ಎಲ್ಲ ಕೇಳಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಹಳ್ಳಿಗಳಲ್ಲಿ ಯಾರೂ ನಮ್ಮನ್ನು ದೇವರ ಕೋಣೆಗೆ ಬಿಡುತ್ತಿರಲಿಲ್ಲ. ಗಂಗವ್ವ ದೇವರ ಜಗಲಿಯ ಮೇಲೆ ಅರಿವೆ ಹೊದಿಸಿ ಬಂದು ಇಮಾಮಸಾಬನಿಗೆ, "ಅಲ್ಲಿನೂ ಹೊಡಿ. ಸೊಳ್ಳಿ ಅಲ್ಲೇ ಜಾಸ್ತಿ" ಎಂದಳು. ಅವನು ಕಾಲು ತೊಳೆದುಕೊಂಡು ಒಳಗೆ ಹೋದ.

ಹೊರಡುವಾಗ ಕೇಳಿದಳು: "ಆ ಮರಾಠಿ ಸಾಹೇಬ್ರು ಎಲ್ಲಿ?"

"ಪುಣೆ ಕಡೆ ಹೋದ್ರವ್ವ."

"ಕಾಗದ ಬರದರ ಹೇಳು, ನೀಲಿ ಶಾಲಿಗೆ ಹೊಂಟಾಳ ಅಂತ."

ಕಾರ್ಡು ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು, ಕನ್ನಡದಲ್ಲಿ, ಕಾಗುಣಿತವೆಲ್ಲ ತಪ್ಪು ತಪ್ಪಾಗಿ. ನೀಲವ್ವನ ಸುದ್ದಿ ಓದಿ ಬಹಳ ಸಮಾಧಾನವಾಯಿತು ಎಂದಿತ್ತು. ಕೆಳಗೆ ಇನ್ನೊಂದೇ ಸಾಲು: "ಬಾವಿ ನೋಡಿದ್ಯಾ? ಸೊಳ್ಳಿ ಮರಿ ಅದಾವೇನು?"

ನೋಡಿರಲಿಲ್ಲ. ಬಾಗಿಲು ತೆರೆದ ಸಂತೋಷದಲ್ಲಿ ಮರೆತೇಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಭೂತಗನ್ನಡಿ, ಹಗ್ಗ, ಬಿಳಿ ತಾಟು ಸೈಕಲ್ಲಿಗೆ ಕಟ್ಟಿಕೊಂಡು ಆ ಊರಿನ ಹಾದಿ ಹಿಡಿದೆ.